ರಾಣಿಯ ಮೂತಿಯ ಕೆಂಪು

ಏಳು ವರ್ಷದ ಹಿಂದೆ, ರಾಗಿ ಕೊಯ್ಲು ಮುಗಿದ ಮೇಲಿನ ಎರಡನೇ ಭಾನುವಾರ, ಬೆಳಿಗ್ಗೆ ಎಂಟೂವರೆಗೆ, ನಾನು ತುಮಕೂರಿನಿಂದ ಹೋಗುವಾಗ ಗುಬ್ಬಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ರಸ್ತೆಯ ಎಡಕ್ಕೆ ಸಿಗುವ ಒಂದು ಹೊಲದಲ್ಲಿ ನಿಂತಿದ್ದೆ. ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಬಲೆ ಕಟ್ಟಿದ ಕುರಿಮಂದೆ. ಬಿಸಿಲು ನನ್ನ ಬೆನ್ನಿಗಿತ್ತು. ಮಂದೆಯ ಹಿಂಬದಿ ಮಾತ್ರ ನಾನು ನಿಂತ ಜಾಗಕ್ಕೆ ಕಾಣುತ್ತಿರಲಿಲ್ಲ. ಇದನ್ನು ನೆನಪಿಡಿ.

ಇವತ್ತು ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದೆ ಒಂದು ಕುರಿಹಿಂಡು ಹಾದುಹೋಯಿತು. ಮಂಜಿಗೆ ನೆಂದ ಉಣ್ಣೆಯ ವಾಸನೆ ಹಿಂಡು ಹೋದ ಮೇಲೂ ಬೀದಿಯಲ್ಲಿ ನಿಂತಿತ್ತು. ಕಾಫಿ ಲೋಟ ಕೆಳಗಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಣಿ ನಮ್ಮ ನಾಯಿ. ಕಾಲೇಜಿನ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಗಂಗಾಧರ ಕೊಟ್ಟ ಮರಿ. ವಿಲಾಯಿತಿ ಜಾತಿ, ಕುರಿ ಕಾಯುವುದು ಅದರ ರಕ್ತದಲ್ಲೇ ಇದೆ, ಯಾರೂ ಕಲಿಸಬೇಕಿಲ್ಲ ಎಂದು ಅವನು ದಿನವೂ ಹೇಳುತ್ತಿದ್ದ. ನಾನು ನಂಬಿರಲಿಲ್ಲ. ಆದರೆ ನನ್ನ ಹೆಂಡತಿಯ ಹತ್ತಿರ ಸಂಜೆ ಮನೆಪಾಠಕ್ಕೆ ಬರುವ ಹನ್ನೊಂದು ಮಕ್ಕಳನ್ನು ರಾಣಿ ಕಾಂಪೌಂಡಿನ ಒಂದು ಮೂಲೆಗೆ ಒಟ್ಟುಮಾಡಿ, ಎದುರಿಗೆ ಹೊಟ್ಟೆಯೂರಿ ಮಲಗಿ ಕಾಯುತ್ತಿದ್ದಳು. ಒಬ್ಬಳು ಹುಡುಗಿ ಚಪ್ಪಲಿ ಹಾಕಿಕೊಳ್ಳಲು ಈಚೆ ಬಂದರೆ ಅವಳನ್ನೂ ಸುತ್ತಿ ಒಳಗೆ ತರುವಳು. ನೆಂಟರು ಬಂದಾಗ ಎಲ್ಲರೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತಿರುವುದನ್ನು ಕಂಡು ನನಗೆ ಗಂಗಾಧರನ ಮಾತು ಪರೀಕ್ಷಿಸಬೇಕು ಅನ್ನಿಸಿತು. ಗುಮಾಸ್ತನ ಬುದ್ಧಿ ನೋಡಿ, ಯಾವುದಕ್ಕೂ ದೃಢೀಕರಣ ಬೇಕು.

ಗಂಗಾಧರನ ಕಾರಿನಲ್ಲಿ ಹೋದೆವು. ಹೊಲಕ್ಕೆ ಗೊಬ್ಬರವಾಗಲಿ ಎಂದು ರೈತರು ಮಂದೆ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ನಿಂತ ಮಂದೆ ಅದು. ಕಾಯುತ್ತಿದ್ದವರು ಬೀರಜ್ಜ ಮತ್ತು ಅವರ ಸೊಸೆ ರತ್ನಮ್ಮ. ಪುಟ್ಟ ಮರಿಗಳನ್ನು ಮಂದೆಯ ಹಿಂದೆ, ಬೋರಲು ಹಾಕಿದ ಬಿದಿರಿನ ಕುಕ್ಕೆಯಡಿ ಮುಚ್ಚಿಟ್ಟಿದ್ದರು. ಬೀರಜ್ಜ ಮೂರು ಕುರಿ ಆಚೆಗೆ ಬಿಟ್ಟು ನನಗೊಂದು ಕಟ್ಟಪ್ಪಣೆ ಮಾಡಿದರು.

"ಹೆಸ್ರಿಡಿದು ಕೂಗ್‌ಬ್ಯಾಡಿ ಸಾಮಿ. ನೀವು ಬಾಯ್ ಬುಟ್ರೆ ಅದು ನಿಮ್ ಮಾತು ಕೇಳ್ತದೆ. ಅದ್ರೊಳಗೆ ಏನೈತೋ ಅದು ಈಚೆಗೆ ಬರಾಕಿಲ್ಲ."

ಹಗ್ಗ ಬಿಟ್ಟೆ. ಬಾಯಿ ಮುಚ್ಚಿಕೊಂಡೆ. ರಾಣಿ ನೆಟ್ಟಗೆ ನುಗ್ಗಲಿಲ್ಲ. ದೂರದಿಂದ ಅರ್ಧಚಂದ್ರದ ಹಾಗೆ ಬಳಸಿ, ತಲೆ ತಗ್ಗಿಸಿ, ಕುರಿಗಳ ಬೆನ್ನಹಿಂದೆ ಬಂದಳು. ಚೆದುರಿದ ಒಂದನ್ನು ಮೂತಿಯಿಂದ ಸೊಂಟಕ್ಕೆ ತಿವಿದು ಸೇರಿಸಿದಳು. ಮೂರನ್ನೂ ತಂದು ಬೀರಜ್ಜನ ಕಾಲ ಬುಡದಲ್ಲಿ ನಿಲ್ಲಿಸಿದಳು. ಅಜ್ಜ ನಕ್ಕರು. ನನಗೆ ಮಗಳು ರ‍್ಯಾಂಕ್ ಬಂದಷ್ಟು ಖುಷಿಯಾಯಿತು.

ಆಮೇಲೆ ರಾಣಿ ಮಂದೆಯ ಹಿಂದಕ್ಕೆ ಓಡಿದಳು. ಇಪ್ಪತ್ತು ಎಣಿಸುವಷ್ಟು ಹೊತ್ತು ಕಾಣಲಿಲ್ಲ. ಕರೆಯಬಾರದೆಂಬ ಅಪ್ಪಣೆಯಿತ್ತು, ಕರೆಯಲಿಲ್ಲ. ತಿರುಗಿ ಬಂದಾಗ ಅವಳ ಬಿಳಿ ಮೂತಿಯ ಮೇಲೆ ಕೆಂಪಿತ್ತು.

ಯೋಚಿಸಿ ಮಾಡಿದ್ದಲ್ಲ. ಬಗ್ಗಿ ನನ್ನ ಕರ್ಚೀಫಿನಿಂದ ಒರೆಸಿದೆ, ಜೇಬಿಗೆ ತುರುಕಿದೆ. ಅಷ್ಟರಲ್ಲಿ ಹಿಂದಿನಿಂದ ರತ್ನಮ್ಮ ಕೂಗಿದಳು. ಕುಕ್ಕೆ ಮಗುಚಿತ್ತು. ಒಂದು ಮರಿ ಸತ್ತುಬಿದ್ದಿತ್ತು, ಕುತ್ತಿಗೆಯಲ್ಲಿ ಹಲ್ಲಿನ ಗಾಯ.

ಬೀರಜ್ಜ ಸತ್ತ ಮರಿಯನ್ನು ಮುಟ್ಟಿ ನೋಡಿ ನೇರವಾಗಿ ರಾಣಿಯ ಹತ್ತಿರ ಬಂದರು. ತುಟಿ ಎತ್ತಿ ಹಲ್ಲು ನೋಡಿದರು, ಮೂತಿ ಮೂಸಿದರು. "ಮೂತಿ ಯಾರು ಒರ್ಸಿದ್ದು?" ಎಂದು ಕೇಳಿದರು.

"ಯಾರೂ ಒರೆಸಿಲ್ಲ" ಅಂದೆ.

ಅವರು ನನ್ನ ಮುಖ ನೋಡಿದರು. ಮರಿಯ ರುಚಿ ಕಂಡ ನಾಯಿಯನ್ನು ನಮ್ಮಲ್ಲಿ ಬಿಟ್ಟು ಸಾಕುವುದಿಲ್ಲ ಎಂದಷ್ಟೇ ಹೇಳಿ ತಿರುಗಿಕೊಂಡರು. ಬರುವ ದಾರಿಯಲ್ಲಿ ಕರ್ಚೀಫನ್ನು ಕಾರಿನ ಕಿಟಕಿಯಿಂದ ಎಸೆದೆ. ಎಲ್ಲವನ್ನೂ ಅಳೆದು ಹೇಳುವ ನಾನು ಅದೊಂದನ್ನು ಬಿಚ್ಚಿ ನೋಡಲಿಲ್ಲ.

ಮನೆಗೆ ಬಂದು ರಾಣಿಗೆ ಸರಪಳಿ ಹಾಕಿದೆ. ಅದೇನು ಮಾಡ್ತು ಅಂತ ಹೀಗೆ ಕಟ್ತೀರಿ ಎಂದು ಹೆಂಡತಿ ಕೇಳಿದಳು. ಕಚ್ಚುವ ಬುದ್ಧಿ ಬಂದಿದೆ ಅಂದೆ. ಸಂಜೆ ಮಕ್ಕಳು ಬಂದರೆ ರಾಣಿ ನೆಲಕ್ಕೆ ಹೊಟ್ಟೆಯೂರಿ ಕಣ್ಣಲ್ಲೇ ಅವರನ್ನು ಎಣಿಸುತ್ತಿದ್ದಳು. ನನಗೆ ಆ ನೋಟದಲ್ಲಿ ಬೇರೇನೋ ಕಾಣುತ್ತಿತ್ತು. ಅವಳು ಬಾಯಿ ಚಪ್ಪರಿಸಿದರೂ ಸಂಶಯ, ಸುಮ್ಮನೆ ಮಲಗಿದರೂ ಸಂಶಯ. ಅನ್ನ ಹಾಕುವಾಗ ಕೈಯನ್ನು ಬೇಗ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮುಂದಿನ ವಾರ ಬೀರಜ್ಜ ನನ್ನನ್ನು ಕೇಳಿಕೊಂಡು ಕಾಲೇಜಿಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದು ರೆಕಾರ್ಡ್ ರೂಮಿಗೆ ಹೋಗಿ ಕೂತೆ, ಸಾಹೇಬರು ರಜೆ ಎಂದು ಅಟೆಂಡರ್ ಕೈಲಿ ಹೇಳಿಸಿದೆ. ಎರಡನೇ ಸಲ ಬಂದಾಗಲೂ ಹಾಗೇ ಮಾಡಿದೆ. ಗುಬ್ಬಿಯ ಕಡೆಗೇ ಹೋಗುವುದನ್ನು ಬಿಟ್ಟೆ.

ಹೋದ ತಿಂಗಳು ತಾಲ್ಲೂಕು ಕಚೇರಿಯ ಒಂದು ಕಾಗದಕ್ಕಾಗಿ ಹೋಗಲೇಬೇಕಾಯಿತು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ದಿಟ್ಟಿಸಿ ನೋಡಿ ಹತ್ತಿರ ಬಂದಳು.

"ನಾಯಿ ಮೇಷ್ಟ್ರು ಅಲ್ವಾ ನೀವು?"

ರತ್ನಮ್ಮ. ನಾನು ಮೇಷ್ಟ್ರಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ನಾಯಿ ಹೇಗಿದೆ ಎಂದು ಕೇಳಿದಳು. ಕಟ್ಟಿ ಹಾಕಿದ್ದೇನೆ ಅಂದೆ.

"ಅಯ್ಯೋ, ಯಾಕೆ ಕಟ್ಟಾಕಿದೀರಾ? ಮಾರ‍್ನೆ ದಿನಾನೂ ಒಂದ್ ಮರಿ ಹೋಯ್ತು ಸಾರ್. ಕೆರೆ ಕಡೆಯಿಂದ ಬರೋ ಒಂದ್ ಬೀದಿನಾಯಿ, ಕಣ್ಣಾರೆ ಕಂಡ್ವಿ. ನಿಮ್ಮದು ಏನೂ ಮಾಡಿಲ್ಲ."

ಮೂತಿಯ ಮೇಲೆ ಕೆಂಪಿತ್ತಲ್ಲ, ಎಂದು ಕೇಳಿದೆ.

"ಅದು ಕೆಮ್ಮಣ್ಣು. ಪಕ್ಕದ ಮಂದೆ ಜೊತೆ ಬೆರಕೆ ಆಗ್ದಿರ‍್ಲಿ ಅಂತ ಅವತ್ತೇ ಕುರಿಗಳ ಸೊಂಟಕ್ಕೆ ಗುರುತು ಬಳ್ದಿದ್ದೆ, ಇನ್ನೂ ಹಸೀಗಿತ್ತು. ಮರಿ ನೋಡಾಕೆ ಹಿಂದಕ್ಕೆ ಹೋಗ್ತಾ ನೀವು ಒರ್ಸೋದ್ನೂ ನೋಡ್ದೆ. ಬಿಳೀ ನಾಯಿ, ಗಲೀಜಾಗ್ತದೆ ಅಂತ ಒರುಸ್ತಾವ್ರೆ ಅಂದ್ಕಂಡೆ."

ಗುರುತು ಇದ್ದದ್ದು ನನಗೂ ನೆನಪಿದೆ. ಅದು ಹಸಿಯಾಗಿದ್ದದ್ದನ್ನು ನೋಡಿರಲಿಲ್ಲ. ಒರೆಸಿದ್ದನ್ನು ಅವಳು ಅವತ್ತು ಸಂಜೆಯೇ ಮಾವನಿಗೆ ಹೇಳಿದ್ದಳಂತೆ. ಬೀರಜ್ಜ ಮೂತಿ ನೋಡಿದ್ದು, ಕುರಿಯ ಸೊಂಟಕ್ಕೆ ತಿವಿದಾಗ ಅಂಟಿರಬೇಕಾದ ಕೆಮ್ಮಣ್ಣು ಹುಡುಕಲು. ಬರಿಯ ಕೆಮ್ಮಣ್ಣೇ ಇದ್ದಿದ್ದರೆ ನಾಯಿ ಕಚ್ಚಿಲ್ಲವೆಂದು ಅಲ್ಲೇ ಹೇಳಿಬಿಡುತ್ತಿದ್ದರಂತೆ.

"ನಾಯಿ ಮ್ಯಾಲೆ ಸುಮ್ಸುಮ್ನೆ ಅಪವಾದ ಹೊರ‍್ಸಿದ್ವಲ್ಲ ಅಂತ ಮಾವ ಎಲ್ಡ್ ಕಿತ ತುಮಕೂರಿಗೆ ಬಂದ್ರು. ನೀವು ಸಿಗ್ಲೇ ಇಲ್ವಂತೆ."

ನಾನು ರಜೆಯಲ್ಲಿದ್ದೆ ಎಂದು ಅವಳಿಗೂ ಹೇಳಿದೆ. ಬಸ್ಸು ಹೊರಡುತ್ತಿತ್ತು. ಹತ್ತಿದವನು ಮತ್ತೆ ಇಳಿದು, ರಜೆಯಲ್ಲಿರಲಿಲ್ಲ, ಒಳಗೇ ಇದ್ದೆ ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಸರಪಳಿ ಬಿಚ್ಚಿ ಹತ್ತೊಂಬತ್ತು ದಿನವಾಯಿತು. ರಾಣಿಗೀಗ ಎಂಟು ವರ್ಷ. ಕುತ್ತಿಗೆಯಲ್ಲಿ ಏನೂ ಇಲ್ಲ. ಆದರೂ ಸರಪಳಿಯ ಅಳತೆಗೆ ನೆಲ ಸವೆದು ಒಂದು ಗೆರೆಯಾಗಿದೆ, ಅಲ್ಲಿಗೆ ಬಂದು ನಿಲ್ಲುತ್ತಾಳೆ. ಇವತ್ತು ಕುರಿಗಳು ಹೋಗುವಾಗಲೂ ಅಲ್ಲೇ ನಿಂತು ನೋಡಿದಳು. ನಾನು ಗೆರೆಯ ಈಚೆ ಕುಕ್ಕರುಗಾಲಲ್ಲಿ ಕೂತೆ. ಹೆಸರು ಹಿಡಿದು ಕೂಗಲಿಲ್ಲ.

ಅವತ್ತು ಆ ಹೊಲದಲ್ಲಿದ್ದವರಲ್ಲಿ ಬೀರಜ್ಜ ತೀರಿಕೊಂಡು ಎರಡು ವರ್ಷವಾಯಿತು. ಕಾರಿನ ಹತ್ತಿರ ಫೋನಿನಲ್ಲಿದ್ದ ಗಂಗಾಧರ ಕುರಿ ಕೂಡಿಸಿದ್ದನ್ನು ಮಾತ್ರ ನೋಡಿದ. ಈಗ ಕುಣಿಗಲ್‌ನಲ್ಲಿದ್ದಾನೆ. ನಾನು ಒರೆಸಿದ್ದನ್ನು ಕಂಡವಳು ರತ್ನಮ್ಮ, ಗುಬ್ಬಿಯ ಹತ್ತಿರವೇ ಇದ್ದಾಳೆ. ಇನ್ನೊಬ್ಬಳು ರಾಣಿ. ಒರೆಸುವಾಗ ಅವಳು ಕಣ್ಣು ಮುಚ್ಚಿರಲಿಲ್ಲ.