ಬಿಳಿ ಚಾಕ್, ನೀಲಿ ಚಾಕ್

ಹೊಲಿಗೆ ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿ ನಿಜವಾಗಿ ಕಲಿಸುತ್ತಿದ್ದವಳು ಅವಳೇ, ಹಾಜರಿ ಪುಸ್ತಕದಲ್ಲಿ ಮಾತ್ರ ಬರೀ ಸಹಾಯಕಿ. ಪ್ರಮಾಣಪತ್ರ ಹಿಡಿದು ಬಂದ ಶಿಕ್ಷಕಿಯರು ಕಾಲರ್ ಕೂರಿಸಲಾರದೆ ಇವಳ ಮುಖ ನೋಡುತ್ತಿದ್ದರು. ಇವಳು ಮೂಗು ಮುರಿಯುತ್ತಲೇ ಕೂರಿಸಿಕೊಡುತ್ತಿದ್ದಳು. ಈ ಸಲ ಶಿಕ್ಷಕಿಯ ಜಾಗ ಖಾಲಿಯಾದಾಗ ಮೇಲ್ವಿಚಾರಕರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಹತ್ತನೇ ಕ್ಲಾಸ್ ಪಾಸ್ ಮಾಡ್ಕೊಂಡ್ ಬನ್ನಿ, ಆ ಕುರ್ಚಿ ನಿಮ್ದೇ."

ಹಿಂದೆ ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಅವಳಿಗೆ ಉಳಿದಿದ್ದದ್ದು ಇಂಗ್ಲಿಷ್ ಒಂದೇ. ನಲವತ್ತಾರನೇ ವಯಸ್ಸಿಗೆ ಅದು ಕಬ್ಬಿಣದ ಕಡಲೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಗಳೇ ಪಾಠ ಹೇಳಲು ಕೂತಳು. ವರ್ಬ್ ಯಾವುದು, ಆಡ್‌ವರ್ಬ್ ಯಾವುದು ಎನ್ನುವಲ್ಲಿ ಗಾಡಿ ನಿಂತಿತು. ಅಮ್ಮ ಪದಗಳ ಅಂಚು ನೋಡಿ ವಿಂಗಡಿಸುತ್ತಿದ್ದಳು. ಕೊನೆಗೆ ಎಲ್, ವೈ ಕಂಡರೆ ಸಾಕು, ಆಡ್‌ವರ್ಬ್. ಸ್ಲೋಲಿಯ ಜೊತೆಗೆ ಫ್ಲೈ, ರಿಪ್ಲೈ ಕೂಡ ಅದೇ ಗುಂಪಿಗೆ ಹೋಗಿ ಬಿದ್ದವು.

"ಅಮ್ಮಾ, ಬರೀ ಅಂಚು ನೋಡಿ ಅಂಗಿನೋ ಲಂಗನೋ ಅಂತ ಹೇಳ್ತೀಯಾ ನೀನು?"

ಮಾತು ನಾಟಿತು. ಹೊಲಿಗೆ ಕಲಿಯುವವರು ಹಾಗೆ ಮಾಡಿದ್ದರೆ ಅವಳೇ ಜಾಡಿಸುತ್ತಿದ್ದಳು. ಮುಖ ಊದಿಸಿಕೊಂಡು ಎದ್ದು ಹೋಗಿ, ಮೇಜಿನ ಮೇಲಿದ್ದ ಬಟ್ಟೆಗೆ ಗುರುತು ಹಾಕತೊಡಗಿದಳು. ಗುರುತಿಗೆ ಅವಳದು ಎರಡು ಬಣ್ಣ. ಇಲ್ಲಿ ಕತ್ತರಿಸು, ಇಲ್ಲಿ ಮಡಚು ಎನ್ನುವುದಕ್ಕೆ ಬಿಳಿ ಚಾಕ್. ಸಡಿಲವಾಗಿ, ಬಿಗಿಯಾಗಿ ಎನ್ನುವುದಕ್ಕೆ ನೀಲಿ. ನೀಲಿ ಚಾಕ್ ಹಿಡಿದ ಕೈ ಹಾಗೇ ನಿಂತಿತು.

"ಲೇ, ಬಿಳಿ ಅಂದ್ರೆ ಕೆಲಸ. ನೀಲಿ ಅಂದ್ರೆ ಅದನ್ನ ಹೇಗೆ ಮಾಡ್ಬೇಕು ಅನ್ನೋದು. ಇಷ್ಟೇನಾ ನಿನ್ನ ಇಂಗ್ಲಿಷು?"

"ಫ್ಲೈ?" ಎಂದಳು ಮಗಳು.

"ಹಾರೋದು ಕೆಲಸ. ಬಿಳಿ."

"ರಿಪ್ಲೈ?"

"ಉತ್ತರ ಕೊಡೋದು. ಅದೂ ಬಿಳಿ."

"ನೀಟ್ಲಿ?"

"ನೀಲಿ. ನಿನ್ನ ಕೋಣೇಲಿ ಎಲ್ಲೂ ಕಾಣದೇ ಇರೋದು."

ಮಗಳು ನಕ್ಕು ನಕ್ಕು ಸುಸ್ತಾದಳು. ಮರುದಿನವೇ ತನ್ನ ತರಗತಿಗೆ ನೀಲಿ ಸೀಮೆಸುಣ್ಣ ಕೊಂಡೊಯ್ದಳು.

ಪರೀಕ್ಷೆಯ ದಿನ ಬಾಗಿಲಲ್ಲಿದ್ದವರು, "ಮಕ್ಕಳನ್ನ ಬಿಟ್ಟು ಹೊರಗಡೆ ಕೂತ್ಕೊಳ್ಳಿ" ಎಂದರು. "ಬರೆಯೋಳು ನಾನೇ" ಎಂದಳು ಅವಳು, ಇಡೀ ಹಾಲಿಗೆ ಕೇಳುವಂತೆ. ಬರೆದಳು. ಐವತ್ತೆಂಟು ಅಂಕ ಬಂತು.

ಶಿಕ್ಷಕಿ ಎಂಬ ಪದದ ಮುಂದೆ ಸಹಿ ಹಾಕಿದ ಮೊದಲ ದಿನ ಸಂಜೆ ಮಗಳು ಕೇಂದ್ರಕ್ಕೆ ಓಡಿಬಂದಳು. ಅಮ್ಮ ಎಂದಿನಂತೆ ಮೇಜಿನ ಬಳಿ ನಿಂತೇ ಇದ್ದಳು. ಕುರ್ಚಿ ಖಾಲಿ.

"ಇಷ್ಟೆಲ್ಲ ಒದ್ದಾಡಿ ಗೆದ್ದಿದ್ದು ನಿಂತ್ಕೊಳ್ಳೋಕಾ?"

"ಕೂತ್ಕೊಂಡು ಬಟ್ಟೆ ಕತ್ತರಿಸೋಕಾಗುತ್ತೇನೇ?" ಎಂದವಳು ಕತ್ತರಿ ಕೆಳಗಿಟ್ಟಳು, ಸೆರಗಿನಿಂದ ಕುರ್ಚಿ ಒರೆಸಿದಳು. "ನೀನು ಬರ್ಲಿ ಅಂತ ಕಾಯ್ತಿದ್ದೆ. ಈಗ ಕೂರ್ತೀನಿ, ಸರಿಯಾಗಿ ನೋಡ್ಕೋ."