ಪಿಕಪ್‌ಗೆ ನಾಲ್ಕು ಮೂಟೆ ಮರಳು

ಫ್ರೆಂಡ್ಸ್, ಇವತ್ತು ಬನ್ನೂರಿನ ಹತ್ತಿರ ನಾಲೆ ಏರಿ ಮೇಲೆ ನನ್ನ ಪಿಕಪ್ ಹೂತುಕೊಂಡಿತು. ಕಾಂಕ್ರೀಟ್ ಕಲಸೋ ಮಿಷನ್ನನ್ನು ಹಿಂದೆ ಕಟ್ಟಿ ಎಳ್ಕೊಂಡು ಹೋಗ್ತಿದ್ದೆ. ಗಾಡಿ ಬಾಡಿ ಖಾಲಿ. ಎಂಜಿನ್ ತಿರುಗಿಸೋದು ಹಿಂದಿನ ಎರಡೇ ಚಕ್ರ, ಅವುಗಳ ಮೇಲೆ ಭಾರವೇ ಇಲ್ಲದೆ ಕೆಸರಲ್ಲಿ ಸುಮ್ಮನೆ ಗಿರಗಿರ ಸುತ್ತುತ್ತಿದ್ದವು. ಕಲ್ಲಿಟ್ಟೆ, ಹುಲ್ಲು ಹಾಕಿದೆ, ಗಾಡಿಗೆ ಬಾಯಿಗೆ ಬಂದಂಗೆ ಬೈದೆ. ಗುಂಡಿ ಇನ್ನಷ್ಟು ಆಳವಾಯ್ತು.

ಪಕ್ಕದ ಗದ್ದೇಲಿ ನಾಟಿ ಹಾಕ್ತಿದ್ದ ಏಳು ಜನ ಹೆಂಗಸರು ನಗ್ತಾ ಬಂದು, ನಾನು ಕೇಳೋ ಮೊದಲೇ ಹಿಂದೆ ಹತ್ತಿದರು.

"ನೀ ಇನ್ನೂ ಹಿಂದಕ್ಕೆ ಓಗಕ್ಕ, ನೀನೇ ಭಾರ!"

"ನಿನ್ಗಿಂತ್ಲೂವಾ?"

ಈ ಜಗಳದ ಮಧ್ಯೆ ಗಾಡಿ ಒಂದೇ ಸಲಕ್ಕೆ ಮೇಲೆ ಬಂತು. ಟಾರ್ ರಸ್ತೆ ತನಕ ಯಾರೂ ಇಳೀಲಿಲ್ಲ. ಆ ಗಲಾಟೆ ಬೇಗ ಮುಗಿಯದಿರಲಿ ಅಂತ ನಾನೂ ಫಸ್ಟ್ ಗೇರಲ್ಲೇ ಹೋದೆ.

ಇಳಿಯುವಾಗ ಅವರಲ್ಲಿ ಹಿರಿಯರೊಬ್ಬರು ಗದರಿದರು. "ಒಬ್ನೇ ಯಾಕ್ ಬತ್ತೀಯಪ್ಪ? ಮನೇಲಿ ಯಾರ್ನಾರ ಜೊತೇಲಿ ಕರ್ಕಂಡು ಬಾ."

"ಯಾರೂ ಇಲ್ಲ ಕಣವ್ವ."

ಅವರು ಖಾಲಿ ಬಾಡಿಯನ್ನು ಕೈಯಿಂದ ತಟ್ಟಿದರು. "ಅಂಗಾರೆ ನಾಕು ಮೂಟೆ ಮರಳು ಆಕ್ಕಪ್ಪ."

ಕೆಲಸದ ಜಾಗದಲ್ಲೇ ಮರಳಿತ್ತು. ಮಿಷನ್ ಬಿಟ್ಟು, ನಾಲ್ಕು ಮೂಟೆ ಕೇಳಿ ತುಂಬಿಕೊಂಡು, ಹಿಂದಿನ ಚಕ್ರಗಳ ಮೇಲೇ ಭಾರ ಬೀಳೋ ಹಾಗೆ ಜೋಡಿಸಿ ಹಗ್ಗ ಬಿಗಿದೆ. ಅದೇ ಕೆಸರು ದಾರೀಲಿ ನಮ್ಮೂರು ನರಸೀಪುರಕ್ಕೆ ವಾಪಸ್ ಬಂದೆ. ಗಾಡಿ ಒಂದು ಚೂರೂ ಜಾರಲಿಲ್ಲ.

ಮೂಟೆಗಳು ಮಾತ್ರ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.