ಕಾಂಡಿಯವರಿಗೆ ಟೋಕನ್ ಇಲ್ಲ

ಇಚಲಕರಂಜಿಯ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ಕಾಂಡಿ ಸುತ್ತುವ ಹೆಂಗಸರಿಗೆ ಹೋದ ದೀಪಾವಳಿಯ ಬೋನಸ್ ಇನ್ನೂ ಬರಬೇಕು. ಕೊಡಬೇಕಾದವನು ಶೇಠ. ಆದರೆ ನಾನು ಹೇಳಹೊರಟಿದ್ದು ಶೇಠನ ಕಥೆಯಲ್ಲ. ಕಾರ್ಖಾನೆಗಳ ಗೇಟಿನ ಮುಂದೆ ಧರಣಿ ಕೂತು ಕೂತು ಅಂಥ ಕಥೆಗಳು ನನಗೆ ಬಾಯಿಪಾಠವಾಗಿವೆ. ಇದು ನಮ್ಮ ಓಣಿಯ ದೀಪಾಲಿಯ ಕಥೆ.

ಅವಳ ಅಜ್ಜ ವಿಜಯಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು. ತಾಯಿ ಬೇಗ ತೀರಿಕೊಂಡಳು, ಬೆಳೆಸಿದವಳು ಸೋದರತ್ತೆ ಚೆನ್ನವ್ವ. ಚೆನ್ನವ್ವನದು ಕಾಂಡಿ ಕೆಲಸ, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವುದು. ಆ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಟೋಕನ್ ನಂಬರು ಇರುವುದು ಮಗ್ಗ ನಡೆಸುವ ಗಂಡಸಿಗೆ ಮಾತ್ರ. ಅವನಿಗೆ ನೂಲು ಸುತ್ತಿಕೊಡುವ ಹೆಂಗಸಿನ ಹಾಜರಿಯೂ ಅವನ ಟೋಕನ್ನಿನ ಮೇಲೆಯೇ ಬೀಳುತ್ತದೆ. ನಂಬರು ಒಂದು, ಜೀವ ಎರಡು. ದೀಪಾಲಿ ಅದೇ ಶೆಡ್ಡಿನ ನೂಲಿನ ಚೀಲಗಳ ಮೇಲೆ ಮಲಗಿ ಬೆಳೆದವಳು. ಪಾಪ, ಅವಳಿಗೆ ಗೊತ್ತಿರಲಿಲ್ಲ ಎಂದು ಯಾರೂ ವಕಾಲತ್ತು ಮಾಡಬೇಡಿ.

ಓದಿದಳು. ಕೊಲ್ಹಾಪುರದಲ್ಲಿ ಆ ಶೇಠನದೇ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು, ದಿನವೂ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುತ್ತಿದ್ದಳು. ಶೇಠನಿಗೆ ಗಡಹಿಂಗ್ಲಜದಲ್ಲಿ ಗೋಡಂಬಿ ಕಾರ್ಖಾನೆ, ಇಚಲಕರಂಜಿಯಲ್ಲಿ ಮಗ್ಗಗಳು. ಒಂದೊಂದು ಊರಿಗೆ ಒಂದೊಂದು ಡೇಟಾಬೇಸ್. ಅಲ್ಲಿನ ಕೋಷ್ಟಕಗಳು ದಿನವೂ ಕೊಲ್ಹಾಪುರಕ್ಕೆ ನಕಲಾಗಿ ಬರಬೇಕು. ಮೊದಲು ಕೋಷ್ಟಕಕ್ಕೊಂದು ಪ್ರೋಗ್ರಾಮ್ ಇತ್ತು. ಒಂದು ಕೆಟ್ಟರೆ ಎಲ್ಲದಕ್ಕೂ ಕೈಹಾಕಬೇಕು. ದೀಪಾಲಿ ಅವನ್ನೆಲ್ಲ ಕಿತ್ತೆಸೆದು ಒಂದೇ ಪೈಪ್‌ಲೈನ್ ಕಟ್ಟಿದಳು. ಯಾವ ಊರು, ಯಾವ ಕೋಷ್ಟಕ, ಎಲ್ಲಿ ತಂದು ಹಾಕಬೇಕು, ಒಂದು ಸಾಲನ್ನು ಇನ್ನೊಂದರಿಂದ ಯಾವ ಗುರುತಿನಿಂದ ಬೇರೆ ಹಿಡಿಯಬೇಕು, ಇಷ್ಟನ್ನು ಹೊರಗಿನಿಂದ ತುಂಬುವ ಖಾನೆ ಮಾಡಿದಳು. ಮಗ್ಗ ಒಂದೇ, ಹಾಸುನೂಲು ಸುತ್ತಿದ ಬೀಮು ಬದಲಿಸಿದರೆ ಬಟ್ಟೆ ಬೇರೆ. ಗುರುತು ಹೊಸದಾದರೆ ಸಾಲು ಸೇರುತ್ತದೆ, ಮೊದಲೇ ಇದ್ದರೆ ಹಳೆಯದರ ಮೇಲೆ ಹೊಸದು ಕೂತು ಹಳೆಯದು ಅಳಿಯುತ್ತದೆ. ಒಳ್ಳೆಯ ಕೆಲಸ. ಅದನ್ನು ನಾನು ಹೀಗಳೆಯುವುದಿಲ್ಲ.

ಗಡಹಿಂಗ್ಲಜದಲ್ಲಿ ಗೋಡಂಬಿ ಸುಲಿಯುವ ಪ್ರತಿ ಹೆಂಗಸಿಗೂ ತನ್ನದೇ ಟೋಕನ್. ಗುರುತಿನ ಖಾನೆಯಲ್ಲಿ ಟೋಕನ್ ಎಂದು ಬರೆದರು, ಸುಸೂತ್ರ ನಡೆಯಿತು. ಇಚಲಕರಂಜಿಯ ಸರದಿ ಬಂದಾಗ ಮೀಟಿಂಗಿನಲ್ಲಿ ಅವಳ ಸಾಹೇಬ ಸ್ವಪ್ನಿಲ ಕೇಳಿದ: "ತಿಕಡೇ ಪಣ ಏಕಾಲಾ ಏಕಚ ಟೋಕನ್ ನಾ?" ಅಲ್ಲಿಯೂ ಒಬ್ಬರಿಗೆ ಒಂದೇ ತಾನೆ?

ಆ ಕಚೇರಿಯಲ್ಲಿ ದೀಪಾಲಿ, ನಮ್ಮ ಮನೆಯವರದು ಬಟ್ಟೆ ವ್ಯಾಪಾರ ಎಂದು ಹೇಳಿಕೊಂಡಿದ್ದಳು. ಈಗ ಇಲ್ಲ ಅಂದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ.

"ಹೋ," ಅಂದಳು. ಹೌದು.

ಟೋಕನ್ನಿನ ಜೊತೆ ಹೆಸರನ್ನೂ ಗುರುತಾಗಿ ಕೊಟ್ಟಿದ್ದರೆ ಸಾಕಿತ್ತು. ಆ ಖಾನೆಯಲ್ಲಿ ಎರಡು ಗುರುತು ಹಿಡಿಯುವಂತೆ ಅವಳೇ ಕಟ್ಟಿದ್ದಳು. ಕೊಡಲಿಲ್ಲ. ಪೈಪ್‌ಲೈನ್ ಓಡಿತು. ಕಾಂಡಿಯವಳ ಸಾಲು ಬಂತು, ಹಿಂದೆಯೇ ಅದೇ ಟೋಕನ್ನಿನ ಮಗ್ಗದವನ ಸಾಲು ಬಂದು ಅವಳ ಮೇಲೆ ಕೂತಿತು. ಯಂತ್ರ ತಪ್ಪೆಂದು ಕೂಗಲಿಲ್ಲ, ಹೇಳಿದಂತೆ ಮಾಡಿತ್ತು. ಬೋನಸ್ ಯಾದಿ ತಯಾರಾದದ್ದು ಕೊಲ್ಹಾಪುರದ ಆ ಕೋಷ್ಟಕದಿಂದ.

"ಕಂಪ್ಯೂಟರದಾಗ ನಿಮ್ಮ ಹೆಸರ ಇಲ್ರಿ," ಎಂದ ಶೆಡ್ಡಿನ ಕಾರಕೂನ.

ಚೆನ್ನವ್ವ ನಕ್ಕಳು. "ಕಂಪ್ಯೂಟರಿನ ಅವ್ವ ನಮ್ಮ ಮನ್ಯಾಗ ಅದಾಳೋ ತಮ್ಮಾ. ಸಂಜೀಕ ಕೇಳ್ತೀನಿ ತಡಿ."

ಸಂಜೆ ಕೇಳಿದಳು. ದೀಪಾಲಿ ತಾಟಿನಿಂದ ಮುಖ ಎತ್ತದೆ, "ಸರ್ವರ್ ಬಂದ್ ಐತಿ ಅತ್ತಿ, ಆಕ್ಕೈತಿ" ಅಂದಳು. ಮರುವಾರವೂ ಅದನ್ನೇ ಅಂದಳು. ಅತ್ತೆ ಅದನ್ನೇ ಶೆಡ್ಡಿನಲ್ಲಿ ಎಲ್ಲರಿಗೂ ಧೈರ್ಯ ಹೇಳುವಂತೆ ಹೇಳುತ್ತ ಬಂದಳು.

ಕೊನೆಗೆ ಕಾಂಡಿಯ ಹೆಂಗಸರ ಜೊತೆ ನಾವು ಓಣಿಯವರೂ ಶೆಡ್ಡಿನ ಗೇಟಿನ ಮುಂದೆ ಕೂತೆವು. ಶೇಠನಿಗೆ ಬೈದು ಬೈದು ಗಂಟಲು ಕಟ್ಟಿದ ಹೊತ್ತಿನಲ್ಲಿ ದೀಪಾಲಿ ಬಂದಳು, ಕೊರಳಲ್ಲಿ ಕಚೇರಿಯ ಕಾರ್ಡು ಹಾಗೇ ಇತ್ತು.

"ನಿಮ್ಮ ಹೆಸರ ಅಳಿಸಿದಾಕಿ ನಾ," ಅಂದಳು. "ಟೋಕನ್ ಒಂದಿದ್ರ ಮನಶ್ಯಾನೂ ಒಬ್ಬಾಂವ ಅಂತ ಬರದೆ. ಗೊತ್ತಿದ್ದೂ ಬರದೆ."

"ಯಾಕವಾ? ಶೇಠ ಏನರ ಕೊಟ್ಟನೇನ?" ಎಂದು ಕೇಳಿದಳು ತಾರವ್ವ, ಚೆನ್ನವ್ವನ ಪಕ್ಕದ ಮಷಿನ್ನಿನವಳು.

"ಇಲ್ರಿ ಮಾವಶಿ. ಕಾಂಡಿಯವರ ಮನಿ ಹುಡುಗಿ ಅಂತ ಆಫೀಸಿನ್ಯಾಗ ತಿಳೀತೈತಿ ಅಂತ... ನಾಚಿಕಿ ಬಂತು."

"ನಾಚಿಕಿ!" ಚೆನ್ನವ್ವ ಎದ್ದು ನಿಂತಳು. "ಕಾಲೇಜಿನ ಫೀ ಕಟ್ಟುವಾಗ ಎಲ್ಲಿ ಹೋಗಿತ್ತ ಈ ನಾಚಿಕಿ? ಕಾಂಡಿ ರೊಕ್ಕ ಆವಾಗ ನಾರತಿರಲಿಲ್ಲೇನ?"

"ಹುಡುಗಿ ಖರೇ ಹೇಳ್ಯಾಳ, ಬಿಡ ಚೆನ್ನಿ," ಎಂದಳು ತಾರವ್ವ.

"ನೀ ಬಿಡ. ನನ್ನ ಕೈಲೆ ಆಗೂದಿಲ್ಲ."

ಮರುದಿನ ದೀಪಾಲಿ ಸ್ವಪ್ನಿಲನಿಗೆ ಎಲ್ಲ ಹೇಳಿದಳು, ಬಟ್ಟೆ ವ್ಯಾಪಾರದ ಸುಳ್ಳನ್ನೂ ಬಿಡದೆ. ಗುರುತಿನ ಖಾನೆಯಲ್ಲಿ ಹೆಸರನ್ನೂ ಸೇರಿಸಿ ಮೊದಲಿನಿಂದ ಮತ್ತೆ ಓಡಿಸಿದಳು. ಹೆಂಗಸರೆಲ್ಲ ಕೋಷ್ಟಕಕ್ಕೆ ಮರಳಿದರು. ಶೇಠ ಮಾತ್ರ "ಹಿಶೋಬ ಬಂದ ಝಾಲಾ" ಅನ್ನುತ್ತಾನೆ, ಲೆಕ್ಕ ಮುಗಿಯಿತಂತೆ. ಇವರ ಹೆಸರಿಲ್ಲ ಅಂದಾಗ ಅವನಿಗೆ ಕಂಪ್ಯೂಟರ್ ದೇವರಾಗಿತ್ತು. ಈಗ ಇದ್ದಾರೆ ಅಂದರೆ ಅದು ಬರೀ ಮಷಿನ್ನು. ನಾವು ಗೇಟು ಬಿಟ್ಟಿಲ್ಲ. ಚೆನ್ನವ್ವ ಸೋದರಸೊಸೆಗೆ ರೊಟ್ಟಿ ಬಡಿಯುತ್ತಾಳೆ, ತಾಟಿಗೆ ಹಾಕುತ್ತಾಳೆ, ಮಾತಾಡುವುದಿಲ್ಲ.

ಇದನ್ನು ಓದುತ್ತಿರುವ ನೀವೂ ಎಲ್ಲೋ ಒಂದು ಕಚೇರಿಯಲ್ಲಿ ಕೂತಿರುತ್ತೀರಿ. ಒಬ್ಬರಿಗೆ ಒಂದೇ ತಾನೆ ಎಂದು ಯಾರಾದರೂ ಕೇಳಿದಾಗ, ಅಲ್ಲವೆಂದು ಗೊತ್ತಿದ್ದರೆ ಅಲ್ಲ ಅನ್ನಿ. ನಿನಗೆ ಹೇಗೆ ಗೊತ್ತು ಅಂದರೆ, ನಿಮ್ಮನ್ನು ಬೆಳೆಸಿದವಳ ಕೆಲಸ ಯಾವುದೆಂದು ಹೇಳಿ. ನನಗಲ್ಲ. ಪಕ್ಕದ ಕುರ್ಚಿಯವನಿಗೆ ಹೇಳಿ, ಈಗಲೇ, ಗಟ್ಟಿಯಾಗಿ.